ಚಿಮಣಿ ಕೆಲಸ ಶುರುವಾಗೋದು ಸೌದೆ ಕೊಟ್ಟಿಗೆಯಲ್ಲಿ

ಹೋದ ತಿಂಗಳು ಬಚ್ಚಲೊಲೆ ಬಗ್ಗೆ ಎರಡು ಸಾಲು ಬರೆದು, ಚಿಮಣಿ ಬಗ್ಗೆ ಏನಾದರೂ ಕೇಳೋದಿದ್ದರೆ ಕಳಿಸಿ ಅಂದಿದ್ದೆ. ಬಂದ ಪತ್ರಗಳಲ್ಲಿ ಅರ್ಧದಷ್ಟು ಗ್ಯಾಸ್ ಸ್ಟವ್ ಮೇಲೆ ಗೋಡೆಗೆ ಕೂರಿಸುತ್ತಾರಲ್ಲ, ಆ ಕರೆಂಟಿನ ಚಿಮಣಿ ಬಗ್ಗೆ! ತಪ್ಪು ನನ್ನದೇ. ನಮ್ಮಜ್ಜಿಗೆ ಚಿಮಣಿ ಅಂದರೆ ಸೀಮೆಎಣ್ಣೆ ಬುಡ್ಡಿ, ನನಗೆ ಹೆಂಚಿನ ಮೇಲೆ ಹೊಗೆ ಉಗುಳುವ ಕೊಳವೆ, ನನ್ನ ಸೊಸೆಗೆ ಒಗ್ಗರಣೆ ಘಾಟು ಎಳೆಯುವ ಮೆಷಿನ್ನು. ಆ ಮೆಷಿನ್ನಿನ ಜಾಲರಿ ತೊಳೆಯೋ ವಿಚಾರ ಇನ್ನೊಂದು ಸಲ. ಈ ಸಲ ಸೌದೆ ಉರಿಸುವ ಮನೆಗಳ ಕೊಳವೆ ಮಾತ್ರ.

ಪ್ರಶ್ನೆ: ನಮ್ಮ ಬಚ್ಚಲುಮನೆ ಹಂಡೆ ಒಲೆಗೆ ತಗಡಿನ ಚಿಮಣಿ ಹಾಕಿಸಿ ನಾಲ್ಕು ವರ್ಷ ಆಯಿತು. ಮಳೆಗಾಲ ಬಂತು ಅಂದರೆ ಕೊಳವೆಯ ಜೋಡಣೆಯಿಂದ ಕಪ್ಪು ನೀರು ಇಳಿಯುತ್ತದೆ, ಗೋಡೆಯೆಲ್ಲ ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗೆ, ವಾಸನೆ ಬೇರೆ. ನಮ್ಮ ಯಜಮಾನರು ಮಳೆ ನೀರು ಅಂತ ಹೇಳಿ ಮೇಲೆ ಟೊಪ್ಪಿ ಹಾಕಿಸಿದರು. ಆಮೇಲೂ ನಿಂತಿಲ್ಲ. ಏನು ಮಾಡೋದು ಸಾರ್? (ತೀರ್ಥಹಳ್ಳಿ ಕಡೆಯ ಓದುಗರು)

ಉತ್ತರ: ಟೊಪ್ಪಿ ಹಾಕಿಸಿದ್ದು ಒಳ್ಳೆಯದೇ ಆಯಿತು, ಅದನ್ನು ತೆಗೆಸಬೇಡಿ. ಆದರೆ ನಿಮ್ಮ ಗೋಡೆ ಮೇಲೆ ಇಳಿಯುತ್ತಿರುವ ನೀರು ಆಕಾಶದಿಂದ ಬಂದದ್ದಲ್ಲ, ನಿಮ್ಮ ಸೌದೆಯಿಂದಲೇ ಬಂದದ್ದು.

ಲೆಕ್ಕ ನೋಡಿ. ಆಗತಾನೇ ಕಡಿದ ಹಸಿ ಸೌದೆಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತದೆ. 10 ಕೆಜಿ ಹಸಿ ಸೌದೆ ಒಲೆಗೆ ತುರುಕಿದಿರಿ ಅಂದರೆ 5 ಲೀಟರ್ ನೀರನ್ನೂ ತುರುಕಿದಿರಿ. ಒಂದು ಲೀಟರ್ ನೀರನ್ನು ಪೂರ್ತಿ ಆವಿ ಮಾಡುವಷ್ಟು ಶಾಖದಲ್ಲಿ ಸುಮಾರು 8 ಲೀಟರ್ ತಣ್ಣೀರನ್ನು ಕುದಿ ಬರೋವರೆಗೆ ಕಾಯಿಸಬಹುದು. ಅಂದರೆ ಆ 5 ಲೀಟರ್ ಓಡಿಸೋಕೆ ಹೋದ ಬೆಂಕಿಯಲ್ಲಿ ಒಂದು ಹಂಡೆ ನೀರು ಕಾಯುತ್ತಿತ್ತು! ಹೋಗಲಿ, ಸೌದೆ ದಂಡ ಆಯಿತು ಅಂತ ಬಿಡಬಹುದು. ಆದರೆ ಆ ಆವಿ ಸುಮ್ನೆ ಹೋಗುವುದಿಲ್ಲ. ಬೆಂಕಿ ತಣ್ಣಗಾಗುತ್ತದೆ, ಸೌದೆ ಪೂರ್ತಿ ಉರಿಯದೆ ಹೊಗೆ ಜಾಸ್ತಿ ಆಗುತ್ತದೆ, ಆ ಒದ್ದೆ ಹೊಗೆ ಹೊರಗಿನ ಚಳಿಗೆ ತಣ್ಣಗಿರುವ ತಗಡಿಗೆ ತಾಗಿದ ತಕ್ಷಣ ಅಲ್ಲೇ ಬೆವರುತ್ತದೆ. ಹೊಗೆಯ ಬಿಸಿ ಸುಮಾರು 120 ಡಿಗ್ರಿಗಿಂತ ಕೆಳಗೆ ಬಂದಾಗ ಈ ಬೆವರು ಶುರು. ನೀರಿನ ಜೊತೆ ಅರ್ಧಂಬರ್ಧ ಉರಿದ ಎಣ್ಣೆ, ಅಂಟು ಎಲ್ಲ ಸೇರಿ ಕೊಳವೆ ಒಳಗೆ ಕೂರುತ್ತದೆ. ಇದಕ್ಕೆ ಕ್ರಿಯೋಸೋಟ್ ಅನ್ನುತ್ತಾರೆ. ಮೊದಲು ಮಸಿಯ ಹಾಗೆ ಪುಡಿಪುಡಿ, ಆಮೇಲೆ ಗರಿಗರಿ ಹಕ್ಕಳೆ, ಕೊನೆಗೆ ಡಾಂಬರು ಬಳಿದ ಹಾಗೆ ಹೊಳೆಯುವ ಗಟ್ಟಿ ಪದರ. ಪುಡಿ ಇದ್ದಾಗ ಬ್ರಷ್ಷಿಗೆ ಬರುತ್ತದೆ. ಡಾಂಬರು ಆದ ಮೇಲೆ ಯಾವ ಬ್ರಷ್ಷಿಗೂ ಬಗ್ಗುವುದಿಲ್ಲ, ತಗಡಿನ ಕೊಳವೆಯಾದರೆ ಬದಲಾಯಿಸುವುದೇ ವಾಸಿ.

ಹಂಡೆ ಒಲೆಗೆ ಇನ್ನೊಂದು ತೊಂದರೆಯೂ ಇದೆ. ಉರಿಯ ತಲೆ ಮೇಲೇ ತಣ್ಣೀರು ತುಂಬಿದ ತಾಮ್ರ ಕೂತಿರುತ್ತದಲ್ಲ, ಜ್ವಾಲೆ ಅದಕ್ಕೆ ತಾಗಿ ಅಲ್ಲೇ ಅರ್ಧ ಸಾಯುತ್ತದೆ. ಅದಕ್ಕೇ ಅಡುಗೆ ಒಲೆಗಿಂತ ಬಚ್ಚಲೊಲೆ ಕೊಳವೆ ಬೇಗ ಕಟ್ಟಿಕೊಳ್ಳುವುದು. ರಾತ್ರಿ ದಪ್ಪ ಕುಂಟೆ ಒಂದನ್ನು ಇಟ್ಟು, ಬೆಳಿಗ್ಗೆವರೆಗೆ ಹೊಗೆಯಾಡಲಿ ಅಂತ ಬಿಡುವ ಅಭ್ಯಾಸ ನಿಮ್ಮಲ್ಲೂ ಇರಬೇಕು. ಇದ್ದರೆ ಬಿಡಿ. ಸಣ್ಣ ಸೌದೆ, ಚುರುಕು ಉರಿ, ಬೇಗ ಮುಗಿಸುವುದು. ಕೊಳವೆಗೆ ಅದೇ ಹಿತ.

ಇನ್ನು ಸೋರುವುದು ಜೋಡಣೆಯಿಂದ ಅಂದಿರಿ. ಒಂದು ಸಲ ಕೊಳವೆಯನ್ನು ಸರಿಯಾಗಿ ನೋಡಿ. ಮೇಲಿನ ತುಂಡು ಕೆಳಗಿನ ತುಂಡಿನ ಒಳಗೆ ಕೂತಿದೆಯೋ, ಅಥವಾ ಕೆಳಗಿನದಕ್ಕೆ ಹೊರಗಿನಿಂದ ಟೊಪ್ಪಿಯ ಹಾಗೆ ಹಾಕಿದ್ದಾರೋ? ಹೊರಗಿನಿಂದ ಹಾಕಿದ್ದರೆ ಉಲ್ಟಾ ಆಗಿದೆ. ಹೊಗೆ ಸೋರಬಾರದು ಅಂತ ಯೋಚಿಸಿ ಹಾಗೆ ಮಾಡುತ್ತಾರೆ, ನಮ್ಮ ಮನೆಗೆ ಬಂದ ತಗಡು ಕೆಲಸದವರೂ ಹಾಗೇ ಮಾಡಿದ್ದರು. ಸರಿಯಾಗಿ ಎಳೆಯುವ ಕೊಳವೆಯಲ್ಲಿ ಹೊಗೆ ಹೊರಗೆ ಬರುವುದೇ ಇಲ್ಲ, ಒಳಗಿನ ಬಿಸಿ ಗಾಳಿ ಏರುವಾಗ ಸಂದಿನಿಂದ ಹೊರಗಿನ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಕೆಳಗೆ ಇಳಿಯುವುದು ಜಿಡ್ಡು ನೀರು ಮಾತ್ರ. ಅದು ಒಳಗೊಳಗೇ ಇಳಿದು ಒಲೆಗೆ ಬಿದ್ದು ಸುಟ್ಟುಹೋಗಬೇಕು ಅಂದರೆ ಮೇಲಿನ ತುಂಡು ಕೆಳಗಿನದರ ಒಳಗೇ ಕೂರಬೇಕು.

ಸೌದೆ ಒಣಗಿದೆಯೋ ಇಲ್ಲವೋ ಗೊತ್ತಾಗೋದು ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಎಲ್ಲ ಇರೋದೇ ಅದರಲ್ಲಿ. ನೀರಿನ ಅಂಶ ನೂರಕ್ಕೆ 20ಕ್ಕಿಂತ ಕಡಿಮೆ ಇರಬೇಕು. ಮೀಟರು ಸಿಗುತ್ತದೆ, ಎರಡು ಮುಳ್ಳು ಚುಚ್ಚಿ ನೋಡುವಂಥದ್ದು. ಚುಚ್ಚುವಾಗ ಸೌದೆಯನ್ನು ಆಗತಾನೇ ಸೀಳಿ ಒಳಮೈಗೆ ಚುಚ್ಚಬೇಕು, ಹೊರಮೈ ಯಾವಾಗಲೂ ಒಣಗಿದ ಹಾಗೇ ಕಾಣುತ್ತದೆ. ಮೀಟರು ಬೇಡ ಅಂದರೆ ಒಂದು ತುಂಡಿಗೆ ಸುಣ್ಣದ ಗುರುತು ಹಾಕಿ ವಾರಕ್ಕೊಮ್ಮೆ ಅಡಿಕೆ ತೂಗುವ ತಕ್ಕಡಿಯಲ್ಲಿ ತೂಗಿ. ತೂಕ ಇಳಿಯೋದು ನಿಂತಿತು ಅಂದರೆ ಆ ಹವೆಯಲ್ಲಿ ಎಷ್ಟು ಒಣಗಬೇಕೋ ಅಷ್ಟು ಒಣಗಿದೆ. ಎರಡು ತುಂಡು ಒಂದಕ್ಕೊಂದು ಬಡಿದರೆ ಟಣ್ ಅನ್ನಬೇಕು, ದಬ್ ಅನ್ನಬಾರದು. ಸೀಳದ ದಿಮ್ಮಿ ಎರಡು ಬೇಸಿಗೆ ಕಂಡರೂ ಒಳಗೆ ಹಸಿಯೇ. ಜನವರಿಯಲ್ಲಿ ಸೀಳಿ, ಬಿಸಿಲಿಗೆ ಹರವಿ, ಮೇ ಕೊನೆಗೆ ಕೊಟ್ಟಿಗೆಗೆ ಸೇರಿಸುವ ನಮ್ಮ ಹಿರಿಯರ ಲೆಕ್ಕ ಸರಿಯಾಗೇ ಇತ್ತು. ಈಗ ಎಷ್ಟೋ ಮನೆಗಳಲ್ಲಿ ಸೌದೆ ಕೊಟ್ಟಿಗೆ ಕಾರ್ ಶೆಡ್ ಆಗಿದೆ, ಸೌದೆಯನ್ನು ಅಂಗಳದ ಮೂಲೆಯಲ್ಲಿ ನೀಲಿ ಟಾರ್ಪಾಲಿನಲ್ಲಿ ನಾಲ್ಕೂ ಕಡೆ ಸುತ್ತಿ ಇಡುತ್ತಾರೆ. ಹಾಗೆ ಸುತ್ತಿದರೆ ಒಳಗೇ ಬೆವರಿ ಬೂಸ್ಟು ಹಿಡಿಯುತ್ತದೆ ಅಷ್ಟೇ. ತಲೆ ಮೇಲೆ ಮಾತ್ರ ಮುಚ್ಚಿ, ಪಕ್ಕದಲ್ಲಿ ಗಾಳಿ ಆಡಲಿ, ಅಡಿಗೆ ಎರಡು ಅಡಿಕೆ ದಬ್ಬೆ ಹಾಕಿ ನೆಲದಿಂದ ಎತ್ತರಿಸಿ.

ಪ್ರಶ್ನೆ: ವರ್ಷಕ್ಕೆ ಎಷ್ಟು ಸಲ ಚಿಮಣಿ ಕ್ಲೀನ್ ಮಾಡಿಸಬೇಕು? (ಸಕಲೇಶಪುರ)

ಉತ್ತರ: ಕಡಿಮೆ ಅಂದರೂ ಒಂದು ಸಲ, ದಿನಾ ಉರಿಸುವ ಮನೆಯಲ್ಲಿ ಎರಡೋ ಮೂರೋ ಸಲ. ಆದರೆ ಕ್ಯಾಲೆಂಡರ್ ನೋಡೋದಕ್ಕಿಂತ ಕೊಳವೆ ನೋಡಿ. ಒಳಗೋಡೆಯನ್ನು ಮೊಳೆಯಿಂದ ಗೀಚಿ, ಮಸಿಯ ಪದರ 3 ಮಿಲಿಮೀಟರ್, ಅಂದರೆ ಎರಡು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ದಪ್ಪ ಇದ್ದರೆ ಗುಡಿಸುವ ಹೊತ್ತು ಬಂತು. ಡಾಂಬರಿನ ಹಾಗೆ ಹೊಳೆಯುತ್ತಿದ್ದರೆ ದಪ್ಪ ಅಳೆಯುವುದೇ ಬೇಡ, ಉರಿ ಹಾಕೋದು ನಿಲ್ಲಿಸಿ. ನಾನು ಮಳೆಗಾಲಕ್ಕೆ ಮುಂಚೆ ಒಂದು ಸಲ, ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮುಂಚೆ ಇನ್ನೊಂದು ಸಲ ಮಾಡುತ್ತೇನೆ. ಹೇಗೂ ಹಂಡೆಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತೀರಿ ಅಲ್ವಾ, ಅದರ ಹಿಂದಿನ ಕೊಳವೆಗೂ ಅದೇ ವಾರ.

ಪ್ರಶ್ನೆ: ಕಳೆದ ಚಳಿಗಾಲದಲ್ಲಿ ಒಂದು ದಿನ ಬೆಳಿಗ್ಗೆ ನಮ್ಮ ಚಿಮಣಿಯಿಂದ ಗುಡುಗುಡು ಅಂತ ಸದ್ದು ಬಂತು, ಮೇಲೆ ಕಿಡಿ ಹಾರಿತು, ಐದು ನಿಮಿಷದಲ್ಲಿ ತಾನೇ ನಿಂತಿತು. ಆಮೇಲಿಂದ ಹೊಗೆ ಚೆನ್ನಾಗಿ ಎಳೀತಿದೆ. ನಮ್ಮ ಮಾವನವರು "ಒಳಗಿನ ಮಸಿ ಸುಟ್ಟು ಕ್ಲೀನ್ ಆಯ್ತು ಬಿಡು" ಅಂದರು. ಹೌದಾ? (ಸಿದ್ದಾಪುರ, ಉತ್ತರ ಕನ್ನಡ)

ಉತ್ತರ: ಮಸಿ ಸುಟ್ಟದ್ದು ನಿಜ, ನಿಮ್ಮ ಮಾವನವರು ಹೇಳಿದ್ದರಲ್ಲಿ ಅಷ್ಟು ಸರಿ. ಆದರೆ ಅದು ಚಿಮಣಿಗೆ ಬೆಂಕಿ ಬಿದ್ದದ್ದು ತಾಯಿ! ಒಳಗಿನ ಜಿಡ್ಡು ಹೊತ್ತಿಕೊಂಡರೆ ಬಿಸಿ 1000 ಡಿಗ್ರಿ ದಾಟಬಹುದು. ಇಟ್ಟಿಗೆ ಬಿರುಕು ಬಿಡುತ್ತದೆ, ತಗಡು ಸೊಟ್ಟಗಾಗುತ್ತದೆ, ಮುಂದಿನ ಸಲ ಅದೇ ಬಿರುಕಿನಿಂದ ಉರಿ ಹೊರಗೆ ಬಂದು ಪಕ್ಕಾಸು ಹಿಡಿಯುತ್ತದೆ. ಒಳಗೆಲ್ಲ ಟಾರ್ಚ್ ಬಿಟ್ಟು ನೋಡಿಸುವವರೆಗೆ ದಯವಿಟ್ಟು ಆ ಒಲೆ ಹಚ್ಚಬೇಡಿ.

ನನಗೂ ಇದು ಆಗಿದೆ. ನರಕ ಚತುರ್ದಶಿ ಬೆಳಗಿನ ಜಾವ, ಮನೆ ತುಂಬ ನೆಂಟರು, ಎಲ್ಲರಿಗೂ ಎಣ್ಣೆ ಸ್ನಾನ. ನಾಲ್ಕು ತಿಂಗಳು ಮಳೆಯಲ್ಲಿ ಹಸಿ ಸೌದೆಯಲ್ಲಿ ಹೊಗೆಯಾಡಿದ ಒಲೆಗೆ ಅವತ್ತು ಒಂದೇ ಸಮನೆ ಒಣ ತೆಂಗಿನ ಗರಿ, ಕರಟ ಹಾಕಿ ದಗದಗ ಉರಿಸಿದೆವು. ಗುಡಿಸುವ ಕೆಲಸವನ್ನು ನಾನೇ ಆ ವರ್ಷ ಹಬ್ಬ ಕಳೆಯಲಿ ಅಂತ ಮುಂದೆ ಹಾಕಿದ್ದೆ. ಜಗುಲಿಯಲ್ಲಿ ಕೂತಿದ್ದವನಿಗೆ ಏರಿನಲ್ಲಿ ಲಾರಿ ಬಂದ ಹಾಗೆ ಸದ್ದು. ಈ ಹೊತ್ತಿನಲ್ಲಿ ಯಾರ ಲಾರಿ ಅಂತ ಅಂಗಳಕ್ಕೆ ಬಂದು ನೋಡಿದರೆ ಕೊಳವೆಯ ತುದಿಯಲ್ಲಿ ಎರಡು ಅಡಿ ಬೆಂಕಿ. ಮಕ್ಕಳು ಹೂಕುಂಡ ಅಂತ ಕುಣಿಯುತ್ತಿದ್ದವು. ನನ್ನ ತಮ್ಮ ಕೊಡಪಾನ ಹಿಡಿದು ಏಣಿ ಹತ್ತೋಕೆ ಹೊರಟ, ಅವನ ಪಂಚೆ ಹಿಡಿದು ಎಳೆದೆ.

ಯಾಕೆ ಎಳೆದೆ ಅಂದರೆ, ಕಾದ ಚಿಮಣಿಗೆ ಮೇಲಿನಿಂದ ನೀರು ಹೊಯ್ದರೆ ಅದು ಒಮ್ಮೆಲೇ ಹಬೆಯಾಗಿ ಸ್ಫೋಟಿಸಿದ ಹಾಗೆ ಬರುತ್ತದೆ, ಇಟ್ಟಿಗೆಯೂ ಸಿಡಿಯುತ್ತದೆ. ಮಾಡಬೇಕಾದ್ದು ಬೇರೆ. ಮೊದಲು ಎಲ್ಲರನ್ನೂ ಹೊರಗೆ ಕಳಿಸಿ, 101ಕ್ಕೋ 112ಕ್ಕೋ ಫೋನ್ ಮಾಡಿ. ಆಮೇಲೆ, ಹತ್ತಿರ ಹೋಗೋಕೆ ಆಗುವಂತಿದ್ದರೆ ಮಾತ್ರ, ಒಲೆಯ ಬಾಯಿ ಮುಚ್ಚಿ. ಬಾಗಿಲಿದ್ದರೆ ಬಾಗಿಲು ಹಾಕಿ, ಇಲ್ಲದಿದ್ದರೆ ನಾವು ಮಾಡಿದ ಹಾಗೆ ತಗಡು ಅಡ್ಡ ಇಟ್ಟು ಸುತ್ತ ಹಸಿ ಮಣ್ಣು ಮೆತ್ತಿ. ಕೆಳಗಿನಿಂದ ಗಾಳಿ ನಿಂತರೆ ಮೇಲಿನ ಬೆಂಕಿ ಸೊರಗುತ್ತದೆ. ನೀರು ಬೇಕೇ ಬೇಕು ಅಂದರೆ ಸುತ್ತಲಿನ ಹೆಂಚಿನ ಮೇಲೆ, ಕಿಡಿ ಬೀಳುವ ಕಡೆ ನೆಲದಿಂದಲೇ ಪೈಪಿನಲ್ಲಿ ಚಿಮುಕಿಸಿ. ನಮ್ಮಲ್ಲಿ ಅಟ್ಟದ ಮೇಲೆ ಒಣ ಅಡಿಕೆ ಸೋಗೆ ಇತ್ತು, ಅವತ್ತು ಹೊತ್ತಿಕೊಳ್ಳದಿದ್ದದ್ದು ಸುಮ್ನೆ ಅದೃಷ್ಟ. ಉರಿ ನಿಂತ ಮೇಲೂ ಗಂಟೆಗಟ್ಟಲೆ ಅಟ್ಟ ಮುಟ್ಟಿ ಮುಟ್ಟಿ ನೋಡಿ. ಮರ ಒಳಗೊಳಗೇ ಕನಲುತ್ತಾ ಇರುತ್ತದೆ.

ಒಂಟಿ ತಗಡಿನ ಕೊಳವೆಗೂ ಮರದ ಪಕ್ಕಾಸು, ರೀಪಿಗೂ ನಡುವೆ ಒಂದೂವರೆ ಅಡಿ ಅಂತರ ಬೇಕು. ನಮ್ಮ ಕಡೆ ಮಾಡು ತೂರಿಸುವಾಗ ಒಂದು ಹೆಂಚು ತೆಗೆದು, ಅದರ ಜಾಗದಲ್ಲಿ ಕೊಳವೆ ತುರುಕಿ, ಸುತ್ತ ಗೋಣಿ ತುಂಬುತ್ತಾರೆ. ಗೋಣಿ! ನಿಮ್ಮ ಮನೆಯಲ್ಲಿ ಇದ್ದರೆ ಈ ಪತ್ರಿಕೆ ಕೆಳಗಿಟ್ಟು ಇವತ್ತೇ ತೆಗೆಯಿರಿ.

ಪ್ರಶ್ನೆ: ಗುಡಿಸುವವರು ಯಾರೂ ಸಿಗುತ್ತಿಲ್ಲ. ನಾನೇ ಮಾಡಬಹುದಾ? ನಮ್ಮದು 1980ರ ದಶಕದಲ್ಲಿ ಕಟ್ಟಿಸಿದ ಅಸ್ತ್ರ ಒಲೆ, ಈಗ ಮುಂದಿನಿಂದಲೇ ಹೊಗೆ ಬರುತ್ತಿದೆ. ಒಡೆದು ಹಾಕೋಣ ಅಂತಾನೂ ಮನೆಯಲ್ಲಿ ಮಾತು. (ಸಾಗರ)

ಉತ್ತರ: ಒಡೆಯಬೇಡಿ ಮಾರಾಯ್ರೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗೆ ಬೇಕಾದ ತಂತ್ರಜ್ಞಾನದ ಘಟಕವೇ ಅಸ್ತ್ರ, ಒಲೆಗೆ ಹೆಸರು ಬಂದದ್ದು ಅದರಿಂದಲೇ. ಮೂರು ಪಾತ್ರೆ ಸಾಲಾಗಿ ಕೂರುವ ಆ ಒಲೆ, ಮೂರು ಕಲ್ಲಿನ ಒಲೆಗಿಂತ ಎಷ್ಟೋ ಕಡಿಮೆ ಸೌದೆ ತಿನ್ನುತ್ತದೆ. ಮುಂದಿನಿಂದ ಹೊಗೆ ಬಂದರೆ ಮುಕ್ಕಾಲು ಪಾಲು ಒಲೆಯ ತಪ್ಪಲ್ಲ, ಮೂರನೇ ಪಾತ್ರೆಯ ಕೆಳಗೆ ಬೂದಿ ತುಂಬಿ ಕೊಳವೆಯ ಬುಡ ಕಟ್ಟಿರುತ್ತದೆ. ಮೊದಲು ಪಾತ್ರೆ ಎತ್ತಿ ಅಲ್ಲಿ ಸೌಟು ಹಾಕಿ ನೋಡಿ. ಪಾತ್ರೆಗಳು ತೂತಿಗೆ ಸರಿಯಾಗಿ ಕೂರುತ್ತಿವೆಯಾ ಅದನ್ನೂ ನೋಡಿ. ಅತ್ತೆ ಕಾಲದ ಅಳತೆಗೆ ಮಾಡಿದ ತೂತಿನ ಮೇಲೆ ಸೊಸೆ ಕುಕ್ಕರ್ ಇಟ್ಟರೆ ಸುತ್ತಲೂ ಸಂದು ಬಿದ್ದು ಹೊಗೆ ಎಳೆಯುವುದೇ ನಿಂತುಹೋಗುತ್ತದೆ.

ಗುಡಿಸುವ ಮುಂಚೆ ಒಂದು ಮುಖ್ಯ ಮಾತು. ಆ ಕಾಲದ ಈ ಒಲೆಗಳಿಗೆ ಹೆಚ್ಚಾಗಿ ಬೂದು ಬಣ್ಣದ ಸಿಮೆಂಟ್ ಪೈಪ್ ಹಾಕುತ್ತಿದ್ದರು, ಅದು ಕಲ್ನಾರು, ಅಂದರೆ ಆಸ್‌ಬೆಸ್ಟಾಸ್. ಅದನ್ನು ಒಣಗಿದ್ದಾಗ ತಂತಿ ಬ್ರಷ್ಷಿನಲ್ಲಿ ಉಜ್ಜಬಾರದು, ಕೊಯ್ಯಬಾರದು, ಒಡೆಯಲಂತೂ ಬಾರದು. ಅದರ ನಾರು ಶ್ವಾಸಕೋಶಕ್ಕೆ ಹೋದರೆ ಹಲವು ವರ್ಷ ಕಳೆದು ಕ್ಯಾನ್ಸರ್ ತರಬಹುದು. ಬಿರುಕಿಲ್ಲದಿದ್ದರೆ ಮೆತ್ತನೆ ನಾರಿನ ಬ್ರಷ್ಷಿಗೆ ನೀರು ಹಚ್ಚಿ ನಿಧಾನ ಗುಡಿಸಿ. ಬಿರುಕಿದ್ದರೆ ಒದ್ದೆ ಮಾಡಿ ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟು, ಸ್ಟೀಲ್ ಕೊಳವೆ ಹಾಕಿಸಿ.

ಈಗ ಗುಡಿಸೋದು. ಒಲೆ ಆರಿ ಒಂದು ದಿನ ಪೂರ್ತಿ ಕಳೆದಿರಬೇಕು. ಮನೆ ಒಳಗೆ ಒಲೆಯ ಬಾಯಿಗೆ ಒದ್ದೆ ಗೋಣಿ ಕಟ್ಟಿ, ಇಲ್ಲದಿದ್ದರೆ ಮಸಿಯೆಲ್ಲ ಅಡುಗೆಮನೆಗೆ ಬಂದು ನಿಮಗೆ ಊಟ ಸಿಗುವುದಿಲ್ಲ. ಕೊಳವೆಯ ಒಳ ಅಳತೆಯದೇ ಗುಂಡು ಬ್ರಷ್ ಬೇಕು, ಇಟ್ಟಿಗೆ ಚಿಮಣಿಗೆ ತಂತಿಯದು, ಸ್ಟೀಲ್ ಕೊಳವೆಗೆ ನೈಲಾನಿನದು. ಕೊಳವೆಯ ಬುಡದಲ್ಲಿ ಬಾಗಿಲಿದ್ದರೆ ಕೆಳಗಿನಿಂದಲೇ ಕೋಲು ಜೋಡಿಸುತ್ತಾ ಮೇಲೆ ತಳ್ಳಿ, ಮಾಡು ಹತ್ತುವುದೇ ಬೇಡ. ಹತ್ತಲೇಬೇಕು ಅಂದರೆ ಒಣ ಬಿಸಿಲಿನ ದಿನ, ಕೆಳಗೆ ಏಣಿ ಹಿಡಿಯೋಕೆ ಒಬ್ಬರು, ಸೊಂಟಕ್ಕೆ ಹಗ್ಗ. ಜುಲೈ ತಿಂಗಳ ಪಾಚಿ ಹೆಂಚಿನ ಮೇಲೆ ಕಾಲಿಡುವವರಿಗೆ ನಾನು ಏನೂ ಹೇಳುವುದಿಲ್ಲ. ಮೇಲಿನಿಂದಾದರೆ ಹಗ್ಗದ ತುದಿಗೆ ಬ್ರಷ್, ಅದರ ಕೆಳಗೆ ಎರಡು ಕೆಜಿ ತೂಕದ ಕಬ್ಬಿಣ ಕಟ್ಟಿ ಮೇಲೆ ಕೆಳಗೆ ಆಡಿಸಿ. ಟೊಪ್ಪಿಯ ಜಾಲರಿಯನ್ನು ಮರೆಯಬೇಡಿ, ಹಕ್ಕಿ ಬರದ ಹಾಗೆ ಹಾಕಿದ ಜಾಲರಿಯೇ ಮಸಿ ಹಿಡಿದು ಮೊದಲು ಕಟ್ಟುವುದು. ಹತ್ತುವ ಮುಂಚೆ ಕೆಳಗಿನಿಂದ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ, ಜೇನೋ ಕಣಜವೋ ಓಡಾಡುತ್ತಿದ್ದರೆ ಅವತ್ತಿಗೆ ಕೆಲಸ ಬಂದ್.

ಮೂಗಿಗೆ ಬಟ್ಟೆ ಸಾಲದು, ಒಳ್ಳೆ ಮಾಸ್ಕ್ ಹಾಕಿ, ಕಣ್ಣಿಗೆ ಕನ್ನಡಕ, ಮೈ ಪೂರ್ತಿ ಮುಚ್ಚುವ ಹಳೆ ಅಂಗಿ. ಕೆಲಸ ಮುಗಿದ ತಕ್ಷಣ ಸ್ನಾನ. 1775ರಲ್ಲಿ ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್, ಚಿಕ್ಕಂದಿನಿಂದ ಚಿಮಣಿ ಹತ್ತಿ ಗುಡಿಸುತ್ತಿದ್ದವರಿಗೆ ಒಂದು ಬಗೆಯ ಕ್ಯಾನ್ಸರ್ ಬರುತ್ತಿರುವುದನ್ನು ಗುರುತಿಸಿ ಅದಕ್ಕೆ ಮಸಿಯೇ ಕಾರಣ ಅಂದ. ಕೆಲಸದಿಂದ ಕ್ಯಾನ್ಸರ್ ಬರುತ್ತದೆ ಅಂತ ತೋರಿಸಿದ ಮೊದಲ ಉದಾಹರಣೆಗಳಲ್ಲಿ ಅದೂ ಒಂದು. ನೀವು ವರ್ಷಕ್ಕೆರಡು ಸಲ ಮಾಡುವವರು, ಹೆದರಬೇಕಿಲ್ಲ, ಆದರೆ ಮಸಿ ಅಂದರೆ ಬರೀ ಕೊಳೆ ಅಂದುಕೊಳ್ಳಬೇಡಿ.

ಪ್ರಶ್ನೆ: ಚಿಕ್ಕಮಗಳೂರು ಹತ್ತಿರ ಹಳೆ ಎಸ್ಟೇಟ್ ಬಂಗಲೆ ತೆಗೆದುಕೊಂಡು ಹೋಂಸ್ಟೇ ಮಾಡುತ್ತಿದ್ದೇವೆ. ಹಾಲಿನಲ್ಲಿ ಬ್ರಿಟಿಷರ ಕಾಲದ ಫೈರ್‌ಪ್ಲೇಸ್ ಇದೆ, ಇಪ್ಪತ್ತು ವರ್ಷದಿಂದ ಹಚ್ಚಿಲ್ಲವಂತೆ. ಡಿಸೆಂಬರಿನಲ್ಲಿ ಅತಿಥಿಗಳು ಕೇಳುತ್ತಾರೆ. ಸಿಲ್ವರ್ ಓಕ್ ಸೌದೆ ಬೇಕಾದಷ್ಟಿದೆ.

ಉತ್ತರ: ಸೌದೆ ಇದೆ ಅಂತ ಹಚ್ಚೋಕಾಗುತ್ತಾ? ಇಪ್ಪತ್ತು ವರ್ಷ ಖಾಲಿ ಇದ್ದ ಚಿಮಣಿ ಒಳಗೆ ಗೂಡು, ಬಾವಲಿ, ಬಿದ್ದ ಗಾರೆ, ಏನು ಬೇಕಾದರೂ ಇರಬಹುದು. ಸುಣ್ಣದ ಗಾರೆ ಮಳೆಗೆ ತೊಳೆದುಹೋಗಿ ಇಟ್ಟಿಗೆ ನಡುವೆ ಸಂದಾಗಿರುತ್ತದೆ, ಅದರ ಆಚೆ ಮರದ ತೊಲೆಯ ತಲೆ ಇರುತ್ತದೆ. ಗುಡಿಸಿದ ಮೇಲೆ ಹೊಗೆ ಪರೀಕ್ಷೆ ಮಾಡಿಸಿ. ಅಡಿಯಲ್ಲಿ ಹೊಗೆ ಮಾತ್ರ ಬರುವಂಥದ್ದೇನಾದರೂ ಹಚ್ಚಿ, ಮೇಲಿನ ಬಾಯಿ ಸ್ವಲ್ಪ ಹೊತ್ತು ಮುಚ್ಚಿ, ಮಹಡಿಯ ಕೋಣೆಗಳಲ್ಲಿ ಗೋಡೆಯಿಂದ ಎಲ್ಲಾದರೂ ಹೊಗೆ ಬರುತ್ತಾ ನೋಡುವುದು. ಬಂದರೆ ಒಳಗೆ ಸ್ಟೀಲ್ ಕೊಳವೆ ಇಳಿಸಬೇಕು, ಅದಕ್ಕೆ ಖರ್ಚಿದೆ. ಹೊರಗೆ ಕೊಳವೆ ಮಾಡಿನಿಂದ ಕಡಿಮೆ ಅಂದರೂ 3 ಅಡಿ ಮೇಲಿರಬೇಕು, ಸುತ್ತ 10 ಅಡಿಯೊಳಗೆ ಇರುವ ಯಾವುದಕ್ಕಿಂತಲೂ 2 ಅಡಿ ಎತ್ತರ ಇರಬೇಕು, ಇಲ್ಲದಿದ್ದರೆ ಗಾಳಿ ಬೀಸಿದಾಗ ಹೊಗೆ ವಾಪಸ್.

ನನಗೆ ನಿಜವಾದ ಭಯ ಇರೋದು ಕಾರ್ಬನ್ ಮೊನಾಕ್ಸೈಡ್ ಬಗ್ಗೆ. ಬಣ್ಣ ಇಲ್ಲ, ವಾಸನೆ ಇಲ್ಲ. ಉರಿ ಹೋಗಿ ಕೆಂಡ ಆದ ಮೇಲೆ ಹೊಗೆ ಕಾಣಿಸದೇ ಇರುವಾಗಲೂ ಬರುತ್ತಾ ಇರುತ್ತದೆ. ಅತಿಥಿಗಳು ಚಳಿ ಅಂತ ಕಿಟಕಿ ಮುಚ್ಚುತ್ತಾರೆ, ಪಕ್ಕದ ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಓಡುತ್ತಿರುತ್ತದೆ, ಆ ಫ್ಯಾನು ಚಿಮಣಿಯ ಗಾಳಿಯನ್ನೇ ಕೆಳಗೆ ಎಳೆದು ಹಾಲಿಗೆ ತರುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಪ್ರಯಾಣದ ಸುಸ್ತು ಅಂದುಕೊಂಡು ಮಲಗುತ್ತಾರೆ. ಅಲಾರಂ ಸಿಗುತ್ತದೆ, ಹಾಲಿಗೊಂದು, ಮಲಗುವ ಕೋಣೆಗೊಂದು ಹಾಕಿಸಿ. ಅಲಾರಂ ಇಲ್ಲದೆ ಹಣ ಕೊಟ್ಟು ಬಂದವರಿಗೆ ಬೆಂಕಿ ಹಚ್ಚಿ ಕೊಡಬೇಡಿ. ಇಷ್ಟೆಲ್ಲ ಆಗಲ್ಲ ಅಂದರೆ ಅಂಗಳದಲ್ಲಿ ಒಂದು ಅಗ್ಗಿಷ್ಟಿಕೆ ಇಡಿ, ಫೈರ್‌ಪ್ಲೇಸಿನಲ್ಲಿ ಹೂದಾನಿ ಇಡಿ.

ಪ್ರಶ್ನೆ: ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇವೆ. ಮನೆ ಕೊಂಡಾಗ ಸೌದೆ ಸ್ಟವ್ ಜೊತೆಗೇ ಬಂತು. ಚಿಮಣಿ ಗುಡಿಸುವವರಿಂದ ಪತ್ರ ಬಂದಿದೆ. ಬೇಡ ಅನ್ನಬಹುದಾ? ನಾವು ಉರಿಸೋದೇ ಅಪರೂಪ.

ಉತ್ತರ: ಅನ್ನೋಕಾಗಲ್ಲ, ಅಲ್ಲಿ ಅದು ಕಾನೂನು. ನಿಮ್ಮ ಪ್ರದೇಶಕ್ಕೆ ಗೊತ್ತುಮಾಡಿದ ಶೋರ್ನ್‌ಸ್ಟೈನ್‌ಫೇಗರ್, ಅಂದರೆ ಚಿಮಣಿ ಗುಡಿಸುವವರು, ಏಳು ವರ್ಷದಲ್ಲಿ ಎರಡು ಸಲ ಬಂದು ಒಲೆ, ಕೊಳವೆ ಎಲ್ಲ ನೋಡುತ್ತಾರೆ, ಯಾವ ಕೆಲಸ ಯಾವಾಗ ಆಗಬೇಕು ಅಂತ ಕಾಗದ ಕೊಡುತ್ತಾರೆ. 2013ರಿಂದ ಗುಡಿಸುವ ಕೆಲಸವನ್ನು ಅರ್ಹತೆ ಇರುವ ಬೇರೆಯವರಿಂದಲೂ ಮಾಡಿಸಬಹುದು, ಆದರೆ ಆ ತಪಾಸಣೆ ಅವರದ್ದೇ. ಇನ್ನೊಂದು, ನಿಮ್ಮ ಸ್ಟವ್ ಹಿಂದೆ ಇರುವ ಫಲಕದ ಇಸವಿ ನೋಡಿ. 2010ರ ಮಾರ್ಚಿಗಿಂತ ಹಿಂದಿನದಾದರೆ, ಹೊಗೆಯ ಮಿತಿ ಪಾಲಿಸದ ಸ್ಟವ್‌ಗಳಿಗೆ ಕೊಟ್ಟಿದ್ದ ಗಡುವು 2024ರ ಕೊನೆಗೇ ಮುಗಿದಿದೆ, ಅವರನ್ನೇ ಕೇಳಿ. ಅಪರೂಪಕ್ಕೆ ಹಚ್ಚುವ ತಣ್ಣನೆ ಚಿಮಣಿಯಲ್ಲಿ ಮೊದಲು ಹೊಗೆ ಮನೆಗೇ ಬರುತ್ತದೆ. ಒಂದು ಕಿಟಕಿ ತೆರೆದು, ಸಣ್ಣ ಚಕ್ಕೆಗಳನ್ನು ಸೌದೆಯ ಮೇಲ್ಗಡೆಯಿಂದ ಹಚ್ಚಿ. ಅಂದ ಹಾಗೆ ಅಲ್ಲಿ ಹೊಸ ವರ್ಷಕ್ಕೆ ಚಿಮಣಿ ಗುಡಿಸುವವರು ಕಂಡರೆ ಶುಭಶಕುನವಂತೆ. ನಮ್ಮ ಕಡೆ ಮೈಯೆಲ್ಲ ಮಸಿ ಹಚ್ಚಿಕೊಂಡು ಎದುರು ಬಂದರೆ ಏನಂತಾರೆ ಅಂತ ನಿಮಗೇ ಗೊತ್ತು.

ಉಳಿದವು ಚುಟುಕಾಗಿ. ಉಪ್ಪು ಹಾಕಿದರೆ ಮಸಿ ಹೋಗುತ್ತಾ ಅಂತ ಮೂವರು ಕೇಳಿದ್ದೀರಿ, ಗುಡಿಸುವ ಬದಲು ಅದು ಆಗುವುದಿಲ್ಲ, ತಗಡು ಬೇಗ ತುಕ್ಕು ಹಿಡಿಯೋದು ಮಾತ್ರ ಗ್ಯಾರಂಟಿ. ಆಲೂಗಡ್ಡೆ ಸಿಪ್ಪೆ ಉರಿಸಿದರೆ ಮಸಿ ಉದುರುತ್ತೆ ಅನ್ನೋ ಮಾತನ್ನೂ ನಂಬಿಕೊಂಡು ಕೂರಬೇಡಿ, ಆ ಸಿಪ್ಪೆ ದನಕ್ಕೆ ಹಾಕಿ. ಹಳೆ ಪ್ಲೈವುಡ್, ಪೇಂಟ್ ಹೊಡೆದ ಕಿಟಕಿ, ಹಾಲಿನ ಪ್ಯಾಕೆಟ್ ಬಚ್ಚಲೊಲೆಗೆ ಹಾಕುವವರೇ, ಆ ಹೊಗೆ ಕುಡಿಯೋದು ನಿಮ್ಮ ಪಕ್ಕದ ಮನೆಯ ಮಗು. ಗೇರು ಬೀಜದ ಸಿಪ್ಪೆಯೂ ಬೇಡ, ಅದರ ಎಣ್ಣೆ ಹೊಗೆ ಕಣ್ಣು ಗಂಟಲು ಸುಡುತ್ತದೆ, ಕೊಳವೆಗೂ ಜಿಡ್ಡು. ಬೂದಿ ತೆಗೆದ ತಕ್ಷಣ ಅಡಿಕೆ ಬುಡಕ್ಕೆ ಒಯ್ಯುತ್ತೀನಿ ಅಂತ ಬರೆದ ಶೃಂಗೇರಿಯ ಹಿರಿಯರಿಗೆ: ಬೂದಿಯೊಳಗೆ ಕೆಂಡ ಎರಡು ಮೂರು ದಿನ ಜೀವ ಹಿಡಿದಿರುತ್ತದೆ. ಮುಚ್ಚಳ ಇರುವ ತಗಡಿನ ಡಬ್ಬದಲ್ಲಿ ಕಲ್ಲಿನ ಮೇಲೆ ಇಟ್ಟು, ನಾಲ್ಕು ದಿನ ಬಿಟ್ಟು ಒಯ್ಯಿರಿ. ತೋಟದಲ್ಲಿ ದರಗು ಬಿದ್ದಿರುತ್ತದೆ.